ಬಡ್ತಿಯಿಲ್ಲದ ದುಡಿಮೆ

ಪ್ರತಿವರ್ಷ ಮಾರ್ಚ್ 8 ಬಂತೆಂದರೆ ನಮ್ಮಲ್ಲಿ 'ಪ್ರಥಮ ಮಹಿಳೆ'ಯರನ್ನು ಹುಡುಕುವ ಕೆಲಸ ಆರಂಭವಾಗುತ್ತದೆ. ಮೊದಲ ಮಹಿಳಾ ನ್ಯಾಯಾಧೀಶೆ, ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆ, ಮೊದಲ ಮಹಿಳಾ ಬ್ಯಾಂಕ್ ಅಧ್ಯಕ್ಷೆ ಎಂದು ಪಟ್ಟಿಗಳು ಅಚ್ಚಾಗುತ್ತವೆ. ಸಂಘ-ಸಂಸ್ಥೆಗಳು ಶಾಲು ಹೊದೆಸಿ, ಹಣ್ಣುಹಂಪಲಿನ ಬುಟ್ಟಿ ಕೊಟ್ಟು ಸನ್ಮಾನಿಸುತ್ತವೆ. ಸಾಧಕಿಯರನ್ನು ಗೌರವಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಪಟ್ಟಿ ಒಂದು ಪ್ರಶ್ನೆಯನ್ನು ಮರೆಸಿಬಿಡುತ್ತದೆ. ಅದೇ ವೃತ್ತಿಯಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತಿರುವ ನೂರಾರು ಮಹಿಳೆಯರು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ನಂತರವೂ ಅಲ್ಲೇ ಏಕಿದ್ದಾರೆ?

ಈ ಪ್ರಶ್ನೆಯನ್ನು ದೆಹಲಿ, ಬೆಂಗಳೂರುಗಳಿಂದ ಕೇಳುವ ಬದಲು ನಮ್ಮ ಹತ್ತಿರದ ಒಂದು ಪೇಟೆಯಿಂದ ಕೇಳಿ ನೋಡೋಣ. ಕಾರ್ಕಳದಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯಲ್ಲಿ ಬಜಗೋಳಿ ಸಿಗುತ್ತದೆ. ಇಲ್ಲಿ ದಾರಿ ಎರಡಾಗುತ್ತದೆ. ಒಂದು ಮಾಳದ ಮೂಲಕ ಘಟ್ಟ ಹತ್ತಿ ಕುದುರೆಮುಖ, ಶೃಂಗೇರಿಯ ಕಡೆಗೆ ಹೋಗುತ್ತದೆ. ಇನ್ನೊಂದು ಹೊಸ್ಮಾರು, ನಾರಾವಿ ದಾಟಿ ಧರ್ಮಸ್ಥಳದ ಕಡೆಗೆ. ಅಡಿಕೆ ತೋಟ, ರಬ್ಬರು, ಗದ್ದೆ, ಗೇರು ಮರಗಳ ನಡುವಿನ ಈ ಸೀಮೆಯಲ್ಲಿ ದುಡಿಯದ ಹೆಣ್ಣನ್ನು ಕಾಣುವುದು ಕಷ್ಟ. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಪ್ರತಿ 1000 ಪುರುಷರಿಗೆ 1094 ಮಹಿಳೆಯರಿದ್ದರು. ಇಡೀ ರಾಜ್ಯದ ಅನುಪಾತ 973 ಮಾತ್ರ. ಗಂಡಸರು ಮುಂಬಯಿಗೆ, ಗಲ್ಫ್ ದೇಶಗಳಿಗೆ ದುಡಿಯಲು ಹೋಗುವುದು ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ. ಅಂದರೆ ತಲೆ ಎಣಿಸಿದರೆ ಇಲ್ಲಿ ಹೆಣ್ಣೇ ಹೆಚ್ಚು. ಕುರ್ಚಿ ಎಣಿಸಿದರೆ ಲೆಕ್ಕ ತಿರುಗಿಬೀಳುತ್ತದೆ.

ಇದಕ್ಕೆ ಸಾಮಾನ್ಯವಾಗಿ ಒಂದು ಉತ್ತರ ಸಿದ್ಧವಾಗಿರುತ್ತದೆ: "ನಮ್ಮದು ಅಳಿಯಸಂತಾನದ ನಾಡು, ಇಲ್ಲಿ ಹೆಣ್ಣಿಗೆ ಮೊದಲಿನಿಂದಲೂ ಸ್ಥಾನವಿದೆ." ತುಳುನಾಡಿನ ಹಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಹರಿದು ಬಂದದ್ದು ನಿಜ. ಗಂಡನ ಮನೆಯಲ್ಲಿ ಬಾಳಲಾಗದ ಹೆಣ್ಣಿಗೆ ತವರಿನ ಬಾಗಿಲು ತೆರೆದಿದ್ದದ್ದೂ ನಿಜ. ಆದರೆ ಮನೆಯ ಆಡಳಿತ ಹೆಚ್ಚಾಗಿ ಮಾವನ, ಅಂದರೆ ತಾಯಿಯ ಸೋದರನ ಕೈಯಲ್ಲಿತ್ತು. ಹಕ್ಕು ಹೆಣ್ಣಿನ ಮೂಲಕ ಹರಿಯಿತು, ಅಧಿಕಾರ ಗಂಡಿನ ಬಳಿ ನಿಂತಿತು. ಇಂದಿನ ನಮ್ಮ ಶಾಲೆ, ಕಾರ್ಖಾನೆ, ಆಸ್ಪತ್ರೆ, ಸೊಸೈಟಿಗಳಲ್ಲಿ ನಾವು ಕಾಣುವ ನೋಟ ಅದಕ್ಕಿಂತ ಬಹಳ ಬೇರೆಯೇನಲ್ಲ.

ಏಣಿಯೇ ಇಲ್ಲದ ಕಸುಬುಗಳು

ಮೊದಲು ಬೀಡಿಯನ್ನು ನೋಡೋಣ. ಕರಾವಳಿಯ ಲಕ್ಷಾಂತರ ಮನೆಗಳಲ್ಲಿ ಮಕ್ಕಳ ಪುಸ್ತಕ, ಅಂಗಡಿಯ ಬಾಕಿ, ಹೆಣ್ಣುಮಕ್ಕಳ ಮದುವೆ ಎಲ್ಲವೂ ನಡೆದದ್ದು ಬೀಡಿಯ ದುಡ್ಡಿನಿಂದ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಇದರಲ್ಲಿಲ್ಲ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಬರುತ್ತದೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ಕಟ್ಟುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಎಲೆ ತೂಗಿ ಕೊಡುವವರು, ಬೀಡಿ ಎಣಿಸಿ ತೆಗೆದುಕೊಳ್ಳುವವರು, ಸರಿಯಿಲ್ಲವೆಂದು ಬದಿಗಿಡುವವರು, ಬ್ರಾಂಚನ್ನು ನಡೆಸುವ ಕಂಟ್ರಾಕ್ಟರು ಹೆಚ್ಚಾಗಿ ಗಂಡಸರು. ಮಜೂರಿ ಸಾವಿರಕ್ಕೆ ಇಷ್ಟೆಂದು ನಿಗದಿಯಾಗಿರುತ್ತದೆ. ಹದಿನೆಂಟರ ಹುಡುಗಿ ಕಟ್ಟಿದ ಸಾವಿರಕ್ಕೂ ಐವತ್ತೈದರ ಅಮ್ಮ ಕಟ್ಟಿದ ಸಾವಿರಕ್ಕೂ ಒಂದೇ ದರ. ಮೇಲ್ನೋಟಕ್ಕೆ ಇದು ಸಮಾನತೆ. ಆದರೆ ಮೂವತ್ತೈದು ವರ್ಷಗಳ ಅನುಭವಕ್ಕೆ ಇಲ್ಲಿ ಒಂದು ಪೈಸೆಯ ಬೆಲೆಯೂ ಇಲ್ಲ. ಬೆನ್ನು ನೋವು, ಕಣ್ಣಿನ ದೋಷ ಬಂದು ಕೈ ನಿಧಾನವಾದಾಗ ಗಳಿಕೆಯೇ ಇಳಿಯುತ್ತದೆ. ಬೇರೆ ಉದ್ಯೋಗಗಳಲ್ಲಿ ವಯಸ್ಸಾದಂತೆ ಸಂಬಳ ಏರಿದರೆ ಇಲ್ಲಿ ಇಳಿಯುತ್ತದೆ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿಕೊಂಡಿತು. 1976ರ ಕಾಯ್ದೆಯಿಂದ ಕಲ್ಯಾಣ ನಿಧಿ ಬಂತು. ಇವು ಸಣ್ಣ ಗಳಿಕೆಗಳಲ್ಲ. ಕಾರ್ಮಿಕ ಸಂಘಟನೆಗಳು ಹೋರಾಡಿ ಪಡೆದವು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ 1966ರ ಕಾಯ್ದೆಯ ಜಾಗವನ್ನು ಅವುಗಳಲ್ಲೊಂದು ತೆಗೆದುಕೊಂಡಿತು. ಕಾನೂನು ಬದಲಾದರೂ ಒಂದು ಸಂಗತಿ ಬದಲಾಗಿಲ್ಲ: ಬೀಡಿ ಕಟ್ಟುವವಳು ಮುಂದೆ ಏನಾಗಬಹುದು ಎಂಬ ಪ್ರಶ್ನೆಯನ್ನು ಯಾವ ಕಾನೂನೂ ಕೇಳಿಲ್ಲ.

ಗೇರುಬೀಜದ ಕಾರ್ಖಾನೆಗಳದ್ದೂ ಇದೇ ಕಥೆ. ಕಾರ್ಕಳ ತಾಲೂಕು ಈ ಉದ್ಯಮಕ್ಕೆ ಹೆಸರಾದದ್ದು. ಬೆಳಿಗ್ಗೆ ಕಾರ್ಖಾನೆಯ ವ್ಯಾನಿಗಾಗಿ ರಸ್ತೆ ಬದಿಯಲ್ಲಿ ನಿಂತಿರುವ ಹೆಂಗಸರ ಗುಂಪು ಈ ಭಾಗದ ದಿನನಿತ್ಯದ ದೃಶ್ಯ. ಬೀಜ ಬೇಯಿಸುವ ಬಾಯ್ಲರು, ಲೋಡು ಇಳಿಸುವುದು, ಯಂತ್ರದ ರಿಪೇರಿ ಗಂಡಸರ ಕೆಲಸ. ಒಡೆಯುವುದು, ಸಿಪ್ಪೆ ತೆಗೆಯುವುದು, ವಿಂಗಡಿಸುವುದು ಹೆಂಗಸರ ಕೆಲಸ. ವಿಂಗಡಣೆಯೆಂದರೆ ಸುಮ್ಮನೆ ಆರಿಸುವುದಲ್ಲ. ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂಬ ದರ್ಜೆಗಳನ್ನು ಕಣ್ಣಳತೆಯಲ್ಲೇ ಬೇರ್ಪಡಿಸಬೇಕು. ಬಣ್ಣ, ಚುಕ್ಕೆ, ಸೀಳುಗಳನ್ನು ಕ್ಷಣದಲ್ಲಿ ಗುರುತಿಸಬೇಕು. ರಫ್ತಿನ ಬೆಲೆ ನಿರ್ಧಾರವಾಗುವುದೇ ಈ ದರ್ಜೆಗಳ ಮೇಲೆ. ಇಷ್ಟಾದರೂ ಇದನ್ನು 'ಹೆಂಗಸರ ಕೈಗುಣ' ಎನ್ನುತ್ತಾರೆಯೇ ಹೊರತು ಪರಿಣತಿ ಎನ್ನುವುದಿಲ್ಲ. ಪರಿಣತಿ ಎಂದು ಒಪ್ಪಿಕೊಂಡರೆ ಅದಕ್ಕೊಂದು ದರ್ಜೆ ಕೊಡಬೇಕಾಗುತ್ತದೆ, ದರ್ಜೆ ಕೊಟ್ಟರೆ ಸಂಬಳ ಏರಿಸಬೇಕಾಗುತ್ತದೆ. ಸ್ವೀಡನ್ನಿನ ಇತಿಹಾಸಕಾರ್ತಿ ಅನ್ನಾ ಲಿಂಡ್‌ಬರ್ಗ್ ಕೇರಳದ ಗೇರು ಕಾರ್ಮಿಕರ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಒಂದು ಕೆಲಸ ಹೇಗೆ 'ಹೆಂಗಸರ ಕೆಲಸ'ವಾಗಿ ರೂಪುಗೊಳ್ಳುತ್ತದೆ ಎಂಬುದನ್ನು ವಿವರಿಸಿದ್ದಾರೆ. ನಮ್ಮ ಗೇರು ಕಾರ್ಖಾನೆಗಳನ್ನು ಬಲ್ಲವರಿಗೆ ಅದು ಅಪರಿಚಿತವೆನಿಸದು.

ಮೂರನೆಯದು ಅಂಗನವಾಡಿ ಮತ್ತು ಆಶಾ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. ಮಗುವಿನ ತೂಕ, ಗರ್ಭಿಣಿಯ ತಪಾಸಣೆ, ಲಸಿಕೆ, ಚುನಾವಣಾ ಪಟ್ಟಿ, ಕೊರೋನಾ ಕಾಲದ ಮನೆಮನೆ ಸಮೀಕ್ಷೆ ಎಲ್ಲವೂ ಇವರ ಹೆಗಲ ಮೇಲೆ. ಆದರೂ ಇವರು 'ನೌಕರರು' ಅಲ್ಲ, ಇವರಿಗೆ ಸಿಗುವುದು 'ಗೌರವಧನ' ಮತ್ತು 'ಪ್ರೋತ್ಸಾಹಧನ'. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ತನಕ ಕಾಯಬೇಕಾಯಿತು. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು-ರಾತ್ರಿ ಕೂತದ್ದು ತಿಂಗಳಿಗೆ ಖಾತ್ರಿಯಾದ ಗೌರವಧನಕ್ಕಾಗಿ. ನೌಕರಿಯೆಂದೇ ಒಪ್ಪದ ಕೆಲಸದಲ್ಲಿ ಬಡ್ತಿಯ ಮಾತು ಎಲ್ಲಿಂದ ಬರಬೇಕು?

ಏಣಿ ಬರೆದಿಟ್ಟಲ್ಲಿ

ಈಗ ಇನ್ನೊಂದು ಬಗೆಯ ವೃತ್ತಿಗಳನ್ನು ನೋಡೋಣ. ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿಯವರು 1989ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಅವರನ್ನು ಸ್ಮರಿಸುವವರು 'ಮೊದಲ' ಎಂಬ ಪದದಲ್ಲೇ ನಿಂತುಬಿಡುತ್ತಾರೆ. ಅವರು ಏರಿದ ಬಗೆಯನ್ನು ಗಮನಿಸಬೇಕು. 1958ರಲ್ಲಿ ಮುನ್ಸಿಫ್, 1968ರಲ್ಲಿ ಸಬ್ ಜಡ್ಜ್, 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್. ಕೆಳಗಿನ ನ್ಯಾಯಾಂಗದ ಒಂದೊಂದೇ ಮೆಟ್ಟಿಲನ್ನು ಏರಿ ಮೂವತ್ತು ವರ್ಷಗಳ ಸೇವೆಯ ನಂತರ ಅವರು ದೆಹಲಿ ತಲುಪಿದರು. ಮೆಟ್ಟಿಲು ಯಾವುದು, ಅದನ್ನು ಏರಲು ಏನು ಬೇಕು ಎಂಬುದು ಅಲ್ಲಿ ಬರೆದಿಟ್ಟಿತ್ತು. ಮೇಲಿನ ನ್ಯಾಯಾಲಯಗಳ ನೇಮಕಾತಿಯಲ್ಲಿ ಹಾಗೆ ಬರೆದಿಟ್ಟ ಏಣಿಯಿಲ್ಲ. ಪರಿಣಾಮವನ್ನು ನೋಡಿ: 1950ರಿಂದ 2025ರವರೆಗೆ ಸುಪ್ರೀಂ ಕೋರ್ಟಿನಲ್ಲಿ ಕೂತ ಮಹಿಳೆಯರು ಒಟ್ಟು ಹನ್ನೊಂದು. ನಮ್ಮ ರಾಜ್ಯದವರಾದ ಬಿ.ವಿ. ನಾಗರತ್ನ ಅವರು ಹಿರಿತನದ ಪದ್ಧತಿಯಂತೆ 2027ರಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುವ ಸಾಧ್ಯತೆಯಿದೆ. ಅದು ಸಾಧ್ಯವಾಗುವುದಾದರೆ ಹಿರಿತನವೆಂಬ ನಿಯಮವಿರುವುದರಿಂದಲೇ. ಆದರೆ ಅವರಿಗೆ ಆ ಸ್ಥಾನದಲ್ಲಿ ಸಿಗುವ ಅವಧಿ ಒಂದು ತಿಂಗಳಿಗಿಂತ ತುಸು ಹೆಚ್ಚು, ಅಷ್ಟೆ. ಮೆಟ್ಟಿಲಿದ್ದರೂ ತಡವಾಗಿ ಹತ್ತಿಸಿದರೆ ಮೇಲೆ ನಿಲ್ಲಲು ಸಮಯವಿರುವುದಿಲ್ಲ.

ಆಡಳಿತ ಸೇವೆಯಲ್ಲೂ ಇದೇ ಕಾಣುತ್ತದೆ. ತೆರೇಸಾ ಭಟ್ಟಾಚಾರ್ಯ ಅವರ ನಂತರ ಮಾಲತಿ ದಾಸ್, ರತ್ನಪ್ರಭಾ, ವಂದಿತಾ ಶರ್ಮಾ, ಶಾಲಿನಿ ರಜನೀಶ್ ಎಂದು ಹಲವು ಮಹಿಳೆಯರು ರಾಜ್ಯದ ಮುಖ್ಯ ಕಾರ್ಯದರ್ಶಿಗಳಾದರು. 2017ರಲ್ಲಿ ನೀಲಮಣಿ ರಾಜು ರಾಜ್ಯ ಪೊಲೀಸ್ ಮುಖ್ಯಸ್ಥರಾದರು. ಪರೀಕ್ಷೆಯಿಂದ ಒಳಬಂದು ಹಿರಿತನದಿಂದ ಏರುವ ಸೇವೆಯಲ್ಲಿ ಹೆಣ್ಣು ತಡವಾಗಿಯಾದರೂ ಏರುತ್ತಾಳೆ. ಪಂಚಾಯತಿಯ ಉದಾಹರಣೆ ಇನ್ನೂ ಸ್ಪಷ್ಟ. 1993ರ ಕಾಯ್ದೆಯಿಂದ ಮೂರನೇ ಒಂದು, 2010ರ ತಿದ್ದುಪಡಿಯಿಂದ ಅರ್ಧ ಸ್ಥಾನಗಳು ಮಹಿಳೆಯರಿಗೆ ಬಂದವು. "ಗಂಡನೇ ಆಡಳಿತ ನಡೆಸುತ್ತಾನೆ" ಎಂಬ ಟೀಕೆ ಕೆಲವು ಕಡೆ ನಿಜವೂ ಹೌದು. ಆದರೆ ಇದೇ ಅವಧಿಯಲ್ಲಿ ಮೀಸಲಾತಿಯಿಲ್ಲದ ವಿಧಾನಸಭೆಗೆ 2023ರ ಚುನಾವಣೆಯಲ್ಲಿ 224ರಲ್ಲಿ ಆರಿಸಿಬಂದ ಮಹಿಳೆಯರು 10. ಹಳ್ಳಿಯ ಹೆಣ್ಣಿಗೆ ಪಂಚಾಯತಿಯಲ್ಲಿ ಇರುವ ಯೋಗ್ಯತೆ ವಿಧಾನಸೌಧದ ಮೆಟ್ಟಿಲು ಬರುತ್ತಲೇ ಮಾಯವಾಗುವುದು ಹೇಗೆ?

ಬ್ಯಾಂಕಿಂಗ್ ನಮ್ಮ ಜಿಲ್ಲೆಗೆ ಕೀರ್ತಿ ತಂದ ಕ್ಷೇತ್ರ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆದು ದೇಶದ ಗಮನ ಸೆಳೆಯಿತು. ಆ ದಿನಗಳಿಗೆ ಅದು ದಿಟ್ಟ ಹೆಜ್ಜೆ. ಆದರೆ ಶಾಖೆಯ ಮಟ್ಟದಲ್ಲಿ ಅಷ್ಟು ಬೇಗ ತೆರೆದ ಬಾಗಿಲು ಕೇಂದ್ರ ಕಚೇರಿಯ ಮಟ್ಟದಲ್ಲಿ ತೆರೆಯಲು ಎಷ್ಟು ಕಾಲ ಬೇಕಾಯಿತು? ಕಾರ್ಪೊರೇಷನ್ ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕಿಯಾಗಿ ಪಿ.ವಿ. ಭಾರತಿ ಬಂದದ್ದು 2019ರಲ್ಲಿ, ಬ್ಯಾಂಕು ಹುಟ್ಟಿ 113 ವರ್ಷಗಳ ಮೇಲೆ. ಮರುವರ್ಷ ಏಪ್ರಿಲ್ 1ರಂದು ಆ ಬ್ಯಾಂಕೇ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

"ಅವರೇ ಬೇಡವೆನ್ನುತ್ತಾರೆ"

ಬಡ್ತಿಯ ಮಾತೆತ್ತಿದಾಗ ಕಚೇರಿಗಳಲ್ಲಿ ಕೇಳಿಬರುವ ಮಾತು ಇದು: "ನಾವು ಕೊಡುತ್ತೇವೆ, ಹೆಂಗಸರೇ ಬೇಡವೆನ್ನುತ್ತಾರೆ." ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವ ಬದಲು ಅದರ ಒಳಹೊಕ್ಕು ನೋಡಬೇಕು. ಬ್ಯಾಂಕಿನ ಗುಮಾಸ್ತೆಗೆ ಅಧಿಕಾರಿಯಾಗಿ ಬಡ್ತಿ ಎಂದರೆ ಬಹುತೇಕ ವರ್ಗಾವಣೆ. ಕಾರ್ಕಳದಲ್ಲಿ ಮನೆ, ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಇರುವವಳು ಉತ್ತರ ಭಾರತದ ಒಂದು ಶಾಖೆಗೆ ಹೊರಡಬೇಕು. ಅದೇ ಬಡ್ತಿ ಗಂಡನಿಗೆ ಬಂದಾಗ ಮನೆಯನ್ನು ನೋಡಿಕೊಳ್ಳಲು ಹೆಂಡತಿ ಇರುತ್ತಾಳೆ. ಹೆಂಡತಿಗೆ ಬಂದಾಗ? ಅಂದರೆ ಈ ಏಣಿಯನ್ನು ಮಾಡಿರುವುದೇ ಮನೆಯಲ್ಲಿ ಇನ್ನೊಬ್ಬರು ದುಡಿಯುತ್ತಿದ್ದಾರೆ ಎಂಬ ನಂಬಿಕೆಯ ಮೇಲೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಎರಡು ಶತಮಾನಗಳ ದಾಖಲೆಗಳನ್ನು ಪರಿಶೀಲಿಸಿ ತೋರಿಸಿದ್ದೂ ಇದನ್ನೇ. ಈಗಿನ ವೇತನದ ಅಂತರ ಬಹುಮಟ್ಟಿಗೆ ಮೊದಲ ಮಗು ಹುಟ್ಟಿದ ನಂತರ ಬೆಳೆಯುತ್ತದೆ, ಹೊತ್ತು-ಗೊತ್ತಿಲ್ಲದೆ ದುಡಿಯಬಲ್ಲವರಿಗೆ ಹೆಚ್ಚು ಕೊಡುವ ಪದ್ಧತಿ ಅದನ್ನು ಹಿಗ್ಗಿಸುತ್ತದೆ ಎಂದರು ಅವರು.

ಬಜಗೋಳಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರುತ್ತದೆ: ಬಸ್ಸು. ಮಣಿಪಾಲದ ಆಸ್ಪತ್ರೆ, ಕಚೇರಿಗಳಲ್ಲಿ ಕೆಲಸ ಸಿಕ್ಕರೂ ಸಂಜೆಯ ಪಾಳಿ ಮುಗಿಸಿ ಊರು ಸೇರುವುದು ಹೇಗೆ? 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯಲ್ಲಿ ಅದರ ಲಾಭ ಬೇರೆಡೆಗಿಂತ ಕಡಿಮೆ. ಹೀಗೆ ಬಸ್ಸಿನ ವೇಳಾಪಟ್ಟಿಯೂ ಒಬ್ಬ ಹುಡುಗಿ ಯಾವ ವೃತ್ತಿಯಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದನ್ನು ತೀರ್ಮಾನಿಸುತ್ತದೆ.

ಹೆಂಗಸರೇ ತುಂಬಿರುವ ವೃತ್ತಿಗಳಲ್ಲಾದರೂ ಮೇಲಿನ ಹುದ್ದೆ ಅವರಿಗೆ ಸಿಗುತ್ತದೆಯೇ ಎಂದರೆ ಅದೂ ಖಚಿತವಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ದಾದಿಯರು, ಪ್ರಾಥಮಿಕ ಶಿಕ್ಷಕರು, ಗ್ರಂಥಪಾಲಕರ ವೃತ್ತಿಗಳನ್ನು ಅಧ್ಯಯನ ಮಾಡಿ, ಅಲ್ಲಿಗೆ ಬರುವ ಕೆಲವೇ ಗಂಡಸರು ಹೆಂಗಸರಿಗಿಂತ ಬೇಗ ಮೇಲೇರುತ್ತಾರೆ ಎಂದು ತೋರಿಸಿದರು. ನಮ್ಮ ದೇಶದ ಶಾಲಾ ಶಿಕ್ಷಕರಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಉನ್ನತ ಶಿಕ್ಷಣಕ್ಕೆ ಬಂದರೆ 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ಅಧ್ಯಾಪಕರಲ್ಲಿ ಅವರ ಪಾಲು ಶೇ. 43ರಷ್ಟು. ಪ್ರಾಧ್ಯಾಪಕ ಹುದ್ದೆಯ ಕಡೆಗೆ ಹೋದಂತೆ ಅದು ಇನ್ನೂ ಇಳಿಯುತ್ತದೆ.

ನಮ್ಮ ಸಾಹಿತ್ಯ, ನಮ್ಮ ಸಮುದಾಯ

ಸಂಸ್ಕೃತಿಯ ಬಗ್ಗೆ ಮಾತಾಡುವ ನಾವು ಸಾಹಿತ್ಯ ಲೋಕವನ್ನು ಹೊರಗಿಡುವಂತಿಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಇದುವರೆಗೆ ಒಬ್ಬ ಮಹಿಳೆಯೂ ಅಧ್ಯಕ್ಷೆಯಾಗಿಲ್ಲ. 2024ರ ಮಂಡ್ಯ ಸಮ್ಮೇಳನದವರೆಗಿನ 87 ಸಾಹಿತ್ಯ ಸಮ್ಮೇಳನಗಳಲ್ಲಿ ಅಧ್ಯಕ್ಷ ಪೀಠವೇರಿದ ಮಹಿಳೆಯರು ನಾಲ್ವರು: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ನಮ್ಮ ಪಕ್ಕದ ಮೂಡುಬಿದಿರೆಯಲ್ಲಿ 2003ರಲ್ಲಿ ಕಮಲಾ ಹಂಪನಾ, ಗದಗದಲ್ಲಿ ಗೀತಾ ನಾಗಭೂಷಣ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳೂ ಪುರುಷರಿಗೇ. ಆದರೆ 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದಾಗ ಇಡೀ ನಾಡು ಹೆಮ್ಮೆಪಟ್ಟಿತು. ಹೊರಗಿನವರು ಗುರುತಿಸಿದ ಎತ್ತರ ಒಳಗಿನವರಿಗೆ ಕಾಣದೆ ಹೋದದ್ದೇಕೆ ಎಂಬುದನ್ನು ಆ ಹೆಮ್ಮೆಯ ನಡುವೆಯೂ ಕೇಳಿಕೊಳ್ಳಬೇಕು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರು ತಮ್ಮದೇ ಚಂದ್ರಗಿರಿ ಪ್ರಕಾಶನವನ್ನು ಕಟ್ಟಿಕೊಂಡರು. ಬೇರೆಯವರು ಮೆಟ್ಟಿಲು ಹಾಕಿಕೊಡಲಿ ಎಂದು ಅವರು ಕಾದು ಕೂರಲಿಲ್ಲ.

ಇನ್ನು ಮುಸ್ಲಿಂ ಮಹಿಳೆಯರ ವಿಚಾರ. 2006ರ ಸಾಚಾರ್ ಸಮಿತಿಯ ವರದಿ ದುಡಿಯುವ ಮುಸ್ಲಿಂ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ಮನೆಯೊಳಗೇ ದುಡಿಯುತ್ತಾರೆ, ಎಲ್ಲ ಮಹಿಳೆಯರನ್ನು ಸೇರಿಸಿ ನೋಡಿದರೆ ಈ ಪ್ರಮಾಣ ಶೇ. 51 ಎಂದು ಹೇಳಿತ್ತು. ಮನೆಯೊಳಗಿನ ದುಡಿಮೆ ಎಂದರೆ ನಮ್ಮಲ್ಲಿ ಬೀಡಿ, ಹೊಲಿಗೆ. ಈ ಎರಡಕ್ಕೂ ಬಡ್ತಿಯಿಲ್ಲ. ಹೊರಬರುವ ದಾರಿ ಶಿಕ್ಷಣ ಒಂದೇ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದ 2022ರಲ್ಲಿ ರಾಜ್ಯವ್ಯಾಪಿಯಾಗಿ, ಹೈಕೋರ್ಟ್ ದಾಟಿ, ಸುಪ್ರೀಂ ಕೋರ್ಟಿನಲ್ಲಿ ಭಿನ್ನ ತೀರ್ಪಿನಲ್ಲಿ ನಿಂತಿತು. ವಾದ-ಪ್ರತಿವಾದಗಳು ಏನೇ ಇರಲಿ, ಪರೀಕ್ಷೆಗೆ ಸಿದ್ಧವಾಗುತ್ತಿದ್ದ ಹುಡುಗಿಯರು ತರಗತಿಯ ಹೊರಗೆ ನಿಲ್ಲಬೇಕಾಯಿತು. ಮೊದಲ ಮೆಟ್ಟಿಲಲ್ಲೇ ತಡೆದರೆ ಹತ್ತನೆಯ ಮೆಟ್ಟಿಲಿನ ಮಾತು ವ್ಯರ್ಥ.

ಸರಕಾರವನ್ನು ಪ್ರಶ್ನಿಸುವ ಈ ನಾಲಿಗೆ ನಮ್ಮ ಸಂಸ್ಥೆಗಳನ್ನೂ ಪ್ರಶ್ನಿಸಬೇಕು. ಎಲ್ಲ ಸಮುದಾಯಗಳವರು ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ತೆರೆದು ನೋಡಿ. ಪಾಠ ಮಾಡುವವರು ಹೆಚ್ಚಾಗಿ ಶಿಕ್ಷಕಿಯರು. ವೇದಿಕೆಯಲ್ಲಿ ಕೂರುವ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸಂಚಾಲಕರು ಹೆಚ್ಚಾಗಿ ಗಂಡಸರು. ಪ್ರವಾದಿ ಮುಹಮ್ಮದರ (ಸ) ಪತ್ನಿ ಖದೀಜಾ (ರ) ಅವರು ವ್ಯಾಪಾರ ನಡೆಸುತ್ತಿದ್ದರೆಂದೂ, ಇತರರನ್ನು ಕೆಲಸಕ್ಕೆ ನೇಮಿಸುತ್ತಿದ್ದರೆಂದೂ ನಮ್ಮ ಭಾಷಣಗಳಲ್ಲಿ ಕೇಳುತ್ತೇವೆ. ಅದೇ ಭಾಷಣ ಮಾಡುವ ಸಂಸ್ಥೆಯ ಆಡಳಿತ ಸಮಿತಿಯಲ್ಲಿ ಒಬ್ಬ ಮಹಿಳೆಯೂ ಇರುವುದಿಲ್ಲ. ವಕ್ಫ್ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕೆಂದು 2013ರಲ್ಲಿ ಕಾನೂನು ಹೇಳಬೇಕಾಯಿತು. ಕಾನೂನು ಹೇಳದಿದ್ದರೂ ಮಾಡಬಹುದಾದ ಕೆಲಸಗಳಿವೆಯಲ್ಲವೇ?

ಇಷ್ಟನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ನಮಗೆ ಕಾಣುವುದು ಇದು. ಮೆಟ್ಟಿಲುಗಳನ್ನು ನಿಯಮದಲ್ಲಿ ಬರೆದಿಟ್ಟ ಕಡೆ ಹೆಣ್ಣು ಏರಿದ್ದಾಳೆ. ಮೆಟ್ಟಿಲು ಯಾರದೋ ಬಾಯಿಮಾತಿನಲ್ಲಿರುವ ಕಡೆ ಆಕೆ ಅರ್ಧದಲ್ಲಿ ನಿಂತಿದ್ದಾಳೆ. ಮೆಟ್ಟಿಲೇ ಇಲ್ಲದ ಕಡೆ ಅಜ್ಜಿ ಕೂತ ಜಾಗದಲ್ಲೇ ಮೊಮ್ಮಗಳೂ ಕೂತಿದ್ದಾಳೆ. ಯೋಗ್ಯತೆ, ಸ್ವಭಾವ, ಮನಸ್ಸು ಎಂಬ ಮಾತುಗಳು ಈ ವ್ಯತ್ಯಾಸವನ್ನು ವಿವರಿಸಲಾರವು.

ಆದ್ದರಿಂದ ಮುಂದಿನ ಮಾರ್ಚ್ 8ಕ್ಕೆ ಸನ್ಮಾನದ ಜೊತೆಗೆ ಬೇರೆಯೂ ಒಂದು ಕೆಲಸ ನಡೆಯಲಿ. ಪ್ರತಿಯೊಂದು ಶಾಲೆ, ಆಸ್ಪತ್ರೆ, ಸಹಕಾರಿ ಸಂಘ, ಕಾರ್ಖಾನೆ ತನ್ನಲ್ಲಿ ಯಾವ ದರ್ಜೆಯಲ್ಲಿ ಎಷ್ಟು ಮಹಿಳೆಯರಿದ್ದಾರೆ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಮಂದಿಗೆ ಬಡ್ತಿ ಸಿಕ್ಕಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಲಿ. ಗೇರು ಕಾರ್ಖಾನೆಯಲ್ಲಿ ಹತ್ತು ವರ್ಷ ವಿಂಗಡಣೆ ಮಾಡಿದವಳನ್ನು ಪರಿಣತಳೆಂದು ದಾಖಲಿಸಿ ಅದಕ್ಕೆ ತಕ್ಕ ದರ್ಜೆ ಕೊಡಲಿ. ಮೇಲ್ವಿಚಾರಕಿಯ ಹುದ್ದೆಗೆ ಮೊದಲು ಆಕೆಯನ್ನು ಕೇಳಲಿ. ಬೀಡಿ ಬ್ರಾಂಚುಗಳಲ್ಲಿ ಬೀಡಿ ಪರೀಕ್ಷಿಸುವ ಕೆಲಸ ಬೀಡಿ ಕಟ್ಟಿ ಅನುಭವವಿರುವ ಹೆಂಗಸರಿಗೂ ಸಿಗಲಿ. ಶಾಲೆಯ ಆಡಳಿತ ಸಮಿತಿಗೆ ಅಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿ ಬರಲಿ. ಇವುಗಳಲ್ಲಿ ಒಂದಕ್ಕೂ ವಿಧಾನಸಭೆಯ ಮಸೂದೆ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಬಜಗೋಳಿಯಂಥ ಒಂದು ಪೇಟೆಯಲ್ಲಿ ಹತ್ತು ಸಂಸ್ಥೆಗಳು ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಆಗುವ ಕೆಲಸ ಇದು. ಗೋಡೆಯ ಮೇಲಿನ ಆ ಹಾಳೆಯನ್ನು ಓದಲು ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಬರುತ್ತದೆ. ನಾವು ಅವರನ್ನು ಓದಿಸಿದ್ದೇವೆ. ಉತ್ತರ ಕೊಡುವ ಸರದಿ ಈಗ ನಮ್ಮದು.